ಮೆತ್ತನೆಯ ಮೌಂಟಿಂಗ್ ಆರಿಸಿದ ಬೇಸಿಗೆ

ಕಳೆದ ತಿಂಗಳು ಸೊಪ್ಪು ಕತ್ತರಿಸುವ ಯಂತ್ರಕ್ಕೆ ಬೆಲ್ಟು ಬೇಕಾಗಿ ಚಿಕ್ಕಬಳ್ಳಾಪುರದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಒಳಗಿನಿಂದ ಒಂದು ರಟ್ಟಿನ ಪೆಟ್ಟಿಗೆ ತಂದು ನನ್ನ ಮುಂದೆಯೇ ಬಿಚ್ಚಿದರು. ಹೊಸ ರಬ್ಬರಿನ ವಾಸನೆ ಭಪ್ಪೆಂದು ಬಂತು. ನಾನು ಬೆಲ್ಟನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದೆ. ಅಂಗಡಿಯವರು ನಕ್ಕು, "ಬೆಲ್ಟನ್ನ ಒತ್ತಿ ನೋಡಲ್ಲ ಮೇಡಂ, ಎಳೆದು ನೋಡ್ತಾರೆ" ಎಂದರು. ರಬ್ಬರ್ ಕಂಡರೆ ಒತ್ತಿ ನೋಡುವ ಈ ಕೆಟ್ಟ ಅಭ್ಯಾಸ ನನಗೆ ಹತ್ತಿದ್ದು ನಾಲ್ಕು ವರ್ಷದ ಹಿಂದಿನ ಬೇಸಿಗೆಯಲ್ಲಿ.

ಆಗ ನಾನು ಶಿಡ್ಲಘಟ್ಟದ ಹೊರಗೆ ಚಾಕಿ ಕೇಂದ್ರ ತೆರೆದು ಎರಡನೇ ವರ್ಷ. ಚಾಕಿ ಕೇಂದ್ರವೆಂದರೆ ರೇಷ್ಮೆ ಹುಳುಗಳ ಬಾಲವಾಡಿ ಅಂದುಕೊಳ್ಳಿ. ಮೊಟ್ಟೆಯಿಂದ ಹೊರಬಂದ ಮರಿಗಳಿಗೆ ಹಿಪ್ಪುನೇರಳೆಯ ಎಳೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಿ, ಶಾಖ ಗಾಳಿ ತೇವ ಎಲ್ಲವನ್ನೂ ಅಳೆದು ಎಂಟು ಹತ್ತು ದಿನ ಸಾಕಿ, ಆಮೇಲೆ ರೈತರ ಮನೆಗೆ ತಲುಪಿಸುವುದು ನಮ್ಮ ಕೆಲಸ. ತಲುಪಿಸುವುದಕ್ಕೂ ಒಂದು ಹೊತ್ತಿದೆ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಇದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಎರಡನೇ ಜ್ವರಕ್ಕೆ ಕೂತಾಗ ಸಾಗಿಸಿ, ಅದು ಎದ್ದು ಹಸಿವಿನಿಂದ ತಲೆ ಆಡಿಸುವ ಹೊತ್ತಿಗೆ ರೈತರ ಮನೆಯಲ್ಲಿ ಸೊಪ್ಪು ಸಿಗಬೇಕು. ಜ್ವರದಲ್ಲಿದ್ದ ಹುಳುವನ್ನು ಅಲ್ಲಾಡಿಸಬಾರದು ಎಂಬುದು ಈ ಕಸುಬಿನಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಮಾತಾಡುವಾಗಲೂ ದನಿ ತಗ್ಗಿಸುವವರನ್ನು ನಾನು ನೋಡಿದ್ದೇನೆ.

ಮೊದಲ ವರ್ಷ ಬಾಡಿಗೆ ಟೆಂಪೋದಲ್ಲಿ ಹುಳು ಕಳಿಸುತ್ತಿದ್ದೆ. ಆ ಟೆಂಪೋ ಹಿಂದಿನ ದಿನ ದ್ರಾಕ್ಷಿ ತೋಟಕ್ಕೆ ಔಷಧಿ ಡಬ್ಬ ಸಾಗಿಸಿತ್ತಂತೆ. ಗಾಡಿ ತೊಳೆದಿದ್ದೀನಿ ಎಂದು ಡ್ರೈವರ್ ಆಣೆ ಮಾಡಿದ್ದ. ರೇಷ್ಮೆ ಹುಳುವಿಗೆ ತೊಳೆದ ಗಾಡಿಯ ವಾಸನೆಯೇ ಸಾಕು. ಅಂಬಾಜಿದುರ್ಗದ ಕೆಳಗಿನ ಒಂದು ಊರಿಗೆ ಇಳಿಸಿದ್ದ ಹುಳುವೆಲ್ಲ ಮೂರು ದಿನದಲ್ಲಿ ಹಸಿರು ನೀರು ಕಾರಿ ಸತ್ತವು. ಆ ಊರಿನ ವೆಂಕಟಲಕ್ಷ್ಮಮ್ಮ ತಮ್ಮ ಪಾಲಿನ, ಇನ್ನೂರು ಚಿಟ್ಟೆ ಇಟ್ಟ ಮೊಟ್ಟೆಗಳಷ್ಟು ಹುಳುವನ್ನು ತಾವೇ ಹೊತ್ತುಕೊಂಡು ಹೋಗಿ ತಿಪ್ಪೆಗೆ ಸುರಿದು, ಕೈಕಾಲು ತೊಳೆದು, ಬಸ್ಸು ಹತ್ತಿ ನೇರ ನನ್ನ ಕೇಂದ್ರಕ್ಕೆ ಬಂದರು. ಅರವತ್ತರ ಆಸುಪಾಸಿನ ಹೆಂಗಸು. ಕೂಗಾಡಲಿಲ್ಲ.

"ಈ ಸಲ ಗಾಡಿ ತಪ್ಪು ಅಂದ್ಕೊಂತೀನಿ ಚಾಕಿಯಮ್ಮ. ಇನ್ನೊಂದ್ ಸಲ ಆದ್ರೆ ನಿಂದೇ ತಪ್ಪು ಅಂತೀನಿ" ಎಂದರು. ಆ ಕಡೆಯ ಹನ್ನೆರಡು ಮನೆಗಳು ಆಕೆ ಎಲ್ಲಿಂದ ಹುಳು ತಂದರೆ ಅಲ್ಲಿಂದಲೇ ತರುವಂಥವು. ಉಳಿದ ಊರುಗಳಲ್ಲಿ ನನಗೆ ಆಗ ಇದ್ದದ್ದು ಬಿಡಿ ಗಿರಾಕಿಗಳು. ಆ ಹನ್ನೆರಡು ಮನೆ ತಪ್ಪಿದರೆ ಕೇಂದ್ರಕ್ಕೆ ಬೀಗ ಹಾಕಬೇಕಿತ್ತು. ಇದು ನನಗೆ ಗೊತ್ತಿತ್ತು, ಆಕೆಗೂ ಗೊತ್ತಿತ್ತು.

ಹಾಗಾಗಿ ಸ್ವಂತ ಗಾಡಿ ಬೇಕಾಯಿತು. ಔಷಧಿ ಸೋಕದ ಗಾಡಿ. ನಮ್ಮ ಮನೆಯ ಹಿಂದೆ ಮಾವನವರ ಕಾಲದ ಒಂದು ಉದ್ದ ಕಾರು ನಿಂತಿತ್ತು. ಹಿಂದಿನ ಬಾಗಿಲು ಮೇಲಕ್ಕೆ ತೆರೆದುಕೊಳ್ಳುವಂಥದ್ದು, ಸೀಟು ಕಿತ್ತರೆ ತಟ್ಟೆ ಜೋಡಿಸಲು ಬೇಕಾದಷ್ಟು ಜಾಗ. ಪೆಟ್ರೋಲ್ ಇಂಜಿನ್ ಮಾತ್ರ ಸತ್ತು ವರ್ಷಗಳಾಗಿದ್ದವು. ನನ್ನ ಗಂಡ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವವರು. ಕಾರನ್ನು ಹಾಗೇ ಬಿಟ್ಟರೆ ಅದೂ ತಮ್ಮ ವಿಷಯಕ್ಕೇ ಸೇರುತ್ತದೆ ಎಂದು ಹೇಳಿ ಒಳಗೆ ಹೋದರು. ನಾನು ಟ್ರಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಚಿಂತಾಮಣಿಯ ಪಾಷಣ್ಣನ ಗ್ಯಾರೇಜಿಗೆ ತಂದೆ.

ಪಾಷಣ್ಣ ಆ ಕಡೆಯ ಟಿಲ್ಲರು, ಜೀಪು, ಪಂಪ್‌ಸೆಟ್ಟುಗಳಿಗೆಲ್ಲ ವೈದ್ಯರು. ತೆಳ್ಳಗಿನ ಆಸಾಮಿ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಬೇಡದ ಮಾತಾಡುವುದಿಲ್ಲ, ಬೇಕಾದ ಮಾತನ್ನು ಒಂದೇ ಸಲ ಹೇಳುತ್ತಾರೆ. ಇಂಜಿನ್ನಿನ ಮೇಲೆ ಕಿವಿಯಿಟ್ಟು ಕೇಳಿ, "ಇದನ್ನ ಮಲಗೋಕೆ ಬಿಡಿ ಅಮ್ಮ" ಎಂದರು. ಗೌರಿಬಿದನೂರಿನ ಗುಜರಿಯೊಂದರಲ್ಲಿ ಹಿಂದಿನಿಂದ ಗುದ್ದಿಸಿಕೊಂಡ ವ್ಯಾನಿನ ಡೀಸೆಲ್ ಇಂಜಿನ್ ಇತ್ತು. ಅದನ್ನು ತಂದರು. ಕಾಗದ ಪತ್ರ ಬದಲಿಸುವ ಓಡಾಟಕ್ಕೆ ನನ್ನ ಒಂದು ತಿಂಗಳು ಹೋಯಿತು. ಅಷ್ಟರಲ್ಲಿ ಪಾಷಣ್ಣ ಇಂಜಿನ್ನನ್ನು ಸರಪಳಿಗೆ ನೇತುಹಾಕಿ, ಕಾರಿನ ಹೊಟ್ಟೆಗೆ ಇಳಿಸಿ ಎತ್ತಿ ಇಳಿಸಿ ಅಳತೆ ನೋಡುತ್ತಿದ್ದರು. ಯುಗಾದಿ ಕಳೆದು ಬಿಸಿಲು ಬಲಿತಿತ್ತು. ಗ್ಯಾರೇಜಿನ ತಗಡು ಟಣ್ ಟಣ್ ಎನ್ನುತ್ತಿತ್ತು.

ಆಗ ಬಂದದ್ದು ಮೌಂಟಿಂಗ್ ಪ್ರಶ್ನೆ. ಇಂಜಿನ್ನನ್ನು ಕಾರಿನ ಅಡಿಯ ಚಾಸಿ ಚೌಕಟ್ಟಿಗೆ ಸೀದಾ ಬಿಗಿಯುವುದಿಲ್ಲ. ಎರಡರ ನಡುವೆ ಕಬ್ಬಿಣಕ್ಕೆ ಅಂಟಿಸಿದ ರಬ್ಬರ್ ದಿಮ್ಮಿ ಇರುತ್ತದೆ, ಎರಡು ಪಕ್ಕಕ್ಕೆ ಒಂದೊಂದು, ಗೇರ್‌ಬಾಕ್ಸಿನ ಕೆಳಗೆ ಒಂದು. ಭಾರ ಹೊರುವುದೂ ಅದೇ, ನಡುಕ ನುಂಗುವುದೂ ಅದೇ. ಕಾರಿನ ಹಳೆಯ ಮೌಂಟಿಂಗ್ ಡೀಸೆಲ್ ಇಂಜಿನ್ನಿನ ಭಾರಕ್ಕೆ ಕುಸಿದು ಅಪ್ಪಚ್ಚಿಯಾಯಿತು. ವ್ಯಾನಿನದೇ ಮೌಂಟಿಂಗ್ ಹಾಕುವುದೆಂದು ಪಾಷಣ್ಣ ಮೊದಲೇ ಮನಸ್ಸು ಮಾಡಿದ್ದರು.

"ಇಂಜಿನ್ ಹುಟ್ಟಿದಾಗಿಂದ ಇದರ ಮೇಲೇ ಕೂತಿರೋದು. ಗಟ್ಟಿ ರಬ್ಬರು. ಗಾಡಿ ನಿಂತಾಗ ಒಂಚೂರು ಗುರ್ ಅನ್ನುತ್ತೆ, ಓಡುವಾಗ ಜಗ್ಗಲ್ಲ. ಇದನ್ನೇ ಹಾಕಣ" ಎಂದರು.

ಸ್ಟಾರ್ಟ್ ಮಾಡಿಸಿದೆ. ಒಂಚೂರು ಗುರ್ ಅಲ್ಲ, ಬಾಗಿಲ ಗಾಜು ಕಟಕಟ ಹಲ್ಲು ಕಡಿಯುತ್ತಿತ್ತು. ಹುಳು ಸಾಗಿಸಲು ಇಷ್ಟೆಲ್ಲ ಮಾಡಿ ಹುಳುವನ್ನು ಹೀಗೆ ನಡುಗಿಸುವುದೇ ಎಂದು ನನಗೆ ಮೈಯೆಲ್ಲ ಉರಿಯಿತು. ಮರುದಿನವೇ ಚಿಕ್ಕಬಳ್ಳಾಪುರದ ಅಂಗಡಿಗಳನ್ನೆಲ್ಲ ಸುತ್ತಿದೆ. ಹತ್ತಾರು ಬಗೆಯ ಮೌಂಟಿಂಗ್ ಹೊರಗೆ ತೆಗೆಸಿ, ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ, ಹುಳುವಿನ ಹಾಸಿಗೆ ಆರಿಸುವವಳ ಹಾಗೆ ಅತಿ ಮೆತ್ತನೆಯದನ್ನು ಆರಿಸಿದೆ. ಯಾವುದೋ ದೊಡ್ಡ ಪೆಟ್ರೋಲ್ ಕಾರಿನದು, ದಪ್ಪನೆಯದು, ಒತ್ತಿದರೆ ಇಡ್ಲಿಯಂತೆ ಒಳಗೆ ಹೋಗಿ ಮೇಲೆ ಬರುತ್ತಿತ್ತು.

ಪಾಷಣ್ಣ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ಬೆಂಚಿನ ಮೇಲಿಟ್ಟರು. "ಒಂದು ಪರೀಕ್ಷೆ ಮಾಡೋಣ" ಎಂದೆ ನಾನು. ಮಾರುವ ಲೆಕ್ಕಕ್ಕೆ ಬಾರದ ಒಂದು ತಟ್ಟೆ ಹುಳುವನ್ನು ಜ್ವರಕ್ಕೆ ಕೂತ ದಿನವೇ ಒದ್ದೆ ಬಟ್ಟೆ ಮುಚ್ಚಿಕೊಂಡು ತಂದೆ. ಮೊದಲು ಗಟ್ಟಿ ಮೌಂಟಿಂಗ್ ಮೇಲೆ ಇಂಜಿನ್ ಓಡಿಸಿದೆವು. ತಟ್ಟೆಯ ಪಕ್ಕದಲ್ಲಿಟ್ಟ ಲೋಟದ ನೀರು ಸುಕ್ಕುಗಟ್ಟಿತು, ಕೆಲವು ಹುಳು ತಲೆ ಇಳಿಸಿದವು. ಆಮೇಲೆ ಮೆತ್ತನೆಯದು. ಲೋಟದ ನೀರು ಕದಲಲಿಲ್ಲ. ಹುಳುಗಳೆಲ್ಲ ತಲೆ ಎತ್ತಿ ಹಾಗೇ ಕೂತಿದ್ದವು. ನಾನು ಗೆದ್ದವಳ ಹಾಗೆ ಪಾಷಣ್ಣನ ಮುಖ ನೋಡಿದೆ.

"ಇದು ನಿಂತ ಗಾಡಿ ಅಮ್ಮ" ಎಂದರು ಪಾಷಣ್ಣ. "ಓಡುವಾಗ ಜೋರಾಗಿ ಬ್ರೇಕ್ ಹೊಡೆದ್ರೆ ಇಂಜಿನ್ ಮುಂದಕ್ಕೆ ಜಾರುತ್ತೆ. ಫ್ಯಾನಿಗೂ ರೇಡಿಯೇಟರಿಗೂ ಮಧ್ಯ ಎರಡು ಬೆರಳು ಜಾಗ ಐತೆ. ಅಷ್ಟೇ."

"ನಾನು ನಿಧಾನಕ್ಕೆ ಓಡಿಸ್ತೀನಿ."

"ಎದುರಿಗೆ ಬರೋರಿಗೂ ಹೇಳಿಟ್ಟಿರ್ತೀರಾ?"

"ಹುಳು ವಿಷಯ ನನಗೆ ಬಿಡಿ ಪಾಷಣ್ಣ" ಎಂದೆ. ಇಂಜಿನ್ ವಿಷಯ ನನಗೆ ಬಿಡಿ ಎಂದು ಅವರು ತಿರುಗಿ ಹೇಳಬಹುದಿತ್ತು. ಹೇಳಲಿಲ್ಲ. ಪೆನ್ಸಿಲ್ ತೆಗೆದು ಬ್ರಾಕೆಟ್ಟಿಗೆ ಗುರುತು ಹಾಕಿ, ನಾನು ತಂದದ್ದನ್ನೇ ಕೂರಿಸಿಕೊಟ್ಟರು. ಆಗಾಗ ಬಾನೆಟ್ ತೆಗೆದು ಆ ಸಂದಿಯಲ್ಲಿ ಎರಡು ಬೆರಳು ಇಟ್ಟು ನೋಡುತ್ತಿರಿ ಎಂದು ಹೊರಡುವಾಗ ಹೇಳಿದರು. ಮೊದಲ ವಾರ ನೋಡಿದೆ, ಆಮೇಲೆ ಮರೆತೆ.

ನಾಲ್ಕು ಸಲ ಹುಳು ಸಾಗಿಸಿದೆ. ಬೆಳಗಿನ ತಂಪಿನಲ್ಲಿ ಹೊರಟು ಬಿಸಿಲೇರುವ ಮುಂಚೆ ಇಳಿಸಿ ಬರುತ್ತಿದ್ದೆ. ಕಾರು ನಿಂತಲ್ಲಿ ಸದ್ದೇ ಇಲ್ಲ. ರೈತರು ಬಾನೆಟ್ ಮೇಲೆ ಕೈಯಿಟ್ಟು, ಇಂಜಿನ್ ಓಡ್ತಾ ಐತಾ ಎಂದು ಕೇಳುವರು. ನನಗೆ ಕೋಡು ಮೂಡಿದಂತಾಗುತ್ತಿತ್ತು.

ಐದನೇ ಸಲ ವೆಂಕಟಲಕ್ಷ್ಮಮ್ಮನ ಊರಿನ ಸರದಿ. ಹಿಂದಿನ ವರ್ಷದ ತಿಪ್ಪೆಯ ನೆನಪಿನ ಮೇಲೆ ಹೋಗುತ್ತಿರುವ ಮೊದಲ ಹುಳು. ಆ ದಿನ ಕರೆಂಟು ಕೈಕೊಟ್ಟು ತಟ್ಟೆ ತುಂಬಿಸುವುದು ತಡವಾಗಿ, ಅಂಬಾಜಿದುರ್ಗದ ಬೆಟ್ಟ ಕಾಣುವ ಇಳಿಜಾರಿಗೆ ಬರುವಾಗ ಎಂಟೂವರೆ ಆಗಿತ್ತು. ಬಂಡೆಗಳು ಆಗಲೇ ಕಾದು ಗಾಳಿ ಬಿಸಿಯಾಗಿತ್ತು. ಪಕ್ಕದ ತೋಟದಿಂದ ಟೊಮೇಟೊ ಕ್ರೇಟು ತುಂಬಿದ ಟ್ರಾಕ್ಟರು ರಸ್ತೆಗೆ ನುಗ್ಗಿತು. ಬ್ರೇಕ್ ಮೇಲೆ ನಿಂತೆ. ಗಾಡಿ ನಿಂತಿತು. ಒಳಗೆ ಇಂಜಿನ್ ಮಾತ್ರ ನಿಲ್ಲದೆ ಮುಂದಕ್ಕೆ ಜಾರಿತು. ಕರ್ರ್ ಎಂದು ತಗಡು ಸೀಳಿದ ಸದ್ದು, ಆಮೇಲೆ ಬಾನೆಟ್ ಸಂದಿಯಿಂದ ಬಿಳಿ ಹಬೆ. ಇಳಿದು ನೋಡಿದರೆ ಫ್ಯಾನು ರೇಡಿಯೇಟರನ್ನು ತುರಿದು ಹಾಕಿತ್ತು. ನೀರೆಲ್ಲ ಡಾಂಬರಿನ ಮೇಲೆ.

ಹುಳು ಜ್ವರದಿಂದ ಏಳಲು ಇನ್ನು ನಾಲ್ಕೈದು ಗಂಟೆ ಇತ್ತು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಅಷ್ಟು ಹೊತ್ತು ಅವು ಉಳಿಯುತ್ತಿರಲಿಲ್ಲ. ಅದಕ್ಕಿಂತ ಹತ್ತಿರದ ಗಂಡಾಂತರ ಪಕ್ಕದ ತೋಟದಲ್ಲಿತ್ತು. ಒಬ್ಬಾತ ಬೆನ್ನಿಗೆ ಮೋಟಾರ್ ಕಟ್ಟಿಕೊಂಡು ಟೊಮೇಟೊಗೆ ಔಷಧಿ ಹೊಡೆಯುತ್ತ ಸಾಲು ಹಿಡಿದು ರಸ್ತೆಯ ಕಡೆಗೇ ಬರುತ್ತಿದ್ದ. ಗಾಳಿಯೂ ನನ್ನ ಕಡೆಗೇ. ಓಡಿಹೋಗಿ ಕೈಮುಗಿದೆ. ಆತ ಮೋಟಾರ್ ಆರಿಸಿ, "ನಂದೂ ಕೆಲಸ ಐತಲ್ಲ ಅಕ್ಕ. ಅರ್ಧ ಗಂಟೆ ನಿಲ್ಲಿಸ್ತೀನಿ, ಅಷ್ಟರಲ್ಲಿ ಖಾಲಿ ಮಾಡಿ" ಎಂದ. ಮೊದಲು ಪಾಷಣ್ಣನಿಗೆ, ಆಮೇಲೆ ವೆಂಕಟಲಕ್ಷ್ಮಮ್ಮನಿಗೆ ಫೋನ್ ಮಾಡಿದೆ.

ಆ ಊರಿನಲ್ಲಿ ಗಾಡಿಗಳಿಗೆ ಕೊರತೆಯಿಲ್ಲ. ಆದರೆ ಪ್ರತಿಯೊಂದೂ ಟೊಮೇಟೊ ತೋಟಕ್ಕೆ ಹೋಗಿಬರುವಂಥದ್ದು. ಒಂದನ್ನೂ ನಂಬುವಂತಿರಲಿಲ್ಲ. ವೆಂಕಟಲಕ್ಷ್ಮಮ್ಮ ಹತ್ತು ಜನ ಹೆಂಗಸರನ್ನು ಕರೆದುಕೊಂಡು ನಡೆದೇ ಬಂದರು, ಬೆವರು ಒರೆಸಿಕೊಳ್ಳುತ್ತ. ತಲೆಯ ಮೇಲೆ ಸಿಂಬೆ ಸುತ್ತಿಕೊಂಡೇ ಬಂದಿದ್ದರು. ಹಿಂದಿನ ಬಾಗಿಲು ತೆಗೆದು, ಒದ್ದೆ ಬಟ್ಟೆ ಸರಿಸಿ, ಹುಳು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಏಮಮ್ಮಾ, ಮತ್ತೆ ಗಾಡೀನಾ?"

ನಾನು ಏನು ಹೇಳಬೇಕಿತ್ತು ಎಂಬುದು ನನಗೆ ಆಗಲೂ ಗೊತ್ತಿತ್ತು. "ಮೆಕ್ಯಾನಿಕ್ ಇಂಜಿನ್ ಸರಿಯಾಗಿ ಕೂರಿಸಿಲ್ಲ" ಎಂದೆ. ಯೋಚಿಸಿ ಹೇಳಿದ ಸುಳ್ಳಲ್ಲ. ಬಾಯಿ ತೆರೆದಾಗ ಅದೇ ಬಂತು, ಸಲೀಸಾಗಿ ಬಂತು. ಆಕೆ ತಲೆಯಾಡಿಸಿ ಮೊದಲ ತಟ್ಟೆಯನ್ನು ತಾವೇ ತಲೆಗೇರಿಸಿಕೊಂಡರು. ಹನ್ನೊಂದು ಹೆಂಗಸರು ಒಬ್ಬರ ಹಿಂದೊಬ್ಬರು, ತಟ್ಟೆ ಒಂದಿಷ್ಟೂ ವಾಲದಂತೆ, ಮಾತಿಲ್ಲದೆ ನಡೆದು ಹೋದರು. ಎರಡು ಸಲ ಬಂದು ಹೋಗಿ ಎಲ್ಲವನ್ನೂ ಸಾಗಿಸಿದರು. ಔಷಧಿಯಾತ ಅರ್ಧ ಗಂಟೆ ಎಂದವನು ಒಂದೂವರೆ ಗಂಟೆ ಬದುವಿನ ಮೇಲೆ ಕೂತಿದ್ದ.

ಪಾಷಣ್ಣ ಬಂದದ್ದು ಹನ್ನೊಂದರ ಹೊತ್ತಿಗೆ. ಸ್ಕೂಟರಿನ ಹಿಂದೆ ಒಂದು ಹಳೆಯ ರೇಡಿಯೇಟರ್ ಕಟ್ಟಿಕೊಂಡಿದ್ದರು. ಹೆಂಗಸರು ಖಾಲಿ ತಟ್ಟೆ ವಾಪಸು ತಂದು ಕಾರಿನ ನೆರಳಿನಲ್ಲಿ ಕೂತಿದ್ದರು. ವೆಂಕಟಲಕ್ಷ್ಮಮ್ಮ ಎದ್ದು ನಿಂತರು. ನನ್ನ ಹತ್ತಿರ ಎಂದೂ ಏರಿಸದ ದನಿಯನ್ನು ಅಲ್ಲಿ ಏರಿಸಿದರು.

"ಏಮಯ್ಯಾ ಪಾಷಾ, ಕೈ ತುಂಬಾ ಕೆಲಸ ಬಂತು ಅಂತ ಕಣ್ಣು ಕಾಣ್ಸಲ್ವಾ ನಿಂಗೆ? ಹೋದ ವರ್ಷ ನಮ್ಮ ಹುಳ ಎಲ್ಲ ತಿಪ್ಪೆಗೆ ಹೋಗಿದ್ದು ಗೊತ್ತಿಲ್ವಾ? ಈ ಹೆಣ್ಮಗಳು ನಿನ್ನ ನಂಬಿ ಗಾಡಿ ಕೊಟ್ರೆ ಹಿಂಗಾ ಮಾಡೋದು? ನಮ್ಮ ಟಿಲ್ಲರ್ ಮುಟ್ಟಬೇಡ ಇನ್ಮೇಲೆ."

ಪಾಷಣ್ಣ ಬಾನೆಟ್ಟಿನೊಳಗೆ ಬಗ್ಗಿ ನೋಡಿದರು. ಎದ್ದು ಒಂದೇ ಒಂದು ಸಲ ನನ್ನ ಕಡೆ ನೋಡಿದರು. ಆಮೇಲೆ ವೆಂಕಟಲಕ್ಷ್ಮಮ್ಮನ ಕಡೆ ತಿರುಗಿ, "ತಪ್ಪು ನಂದೇ ಅಮ್ಮ. ರಬ್ಬರು ಮೆತ್ತಗಿತ್ತು. ಕೂರಿಸಿದ್ದು ನಾನೇ" ಎಂದರು. ಮೊದಲ ಮಾತು ಬಿಟ್ಟರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಒದ್ದೆ ಬಟ್ಟೆಗಳನ್ನು ಮಡಚುತ್ತಿದ್ದೆ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದೆ.

ಆ ವಾರವೇ ವ್ಯಾನಿನ ಗಟ್ಟಿ ಮೌಂಟಿಂಗ್ ಕೂರಿಸಿದರು. "ಪಾಷಣ್ಣ, ಅವತ್ತು ನಾನು" ಎಂದು ಶುರುಮಾಡಿದೆ. "ಈ ಬ್ರಾಕೆಟ್ ಒಂಚೂರು ಹಿಡ್ಕೊಳ್ಳಿ" ಎಂದರು. ಹಿಡಿದುಕೊಂಡೆ. ಮಾತು ಅಲ್ಲಿಗೇ ನಿಂತಿತು. ಕಾರು ನಿಂತಲ್ಲಿ ಗುರುಗುಟ್ಟುತ್ತಿತ್ತು, ನಿಂತಾಗ ಇಂಜಿನ್ ಆರಿಸಿದರೆ ಮುಗಿಯಿತು ಎಂಬ ಸುಲಭದ ಉಪಾಯ ಒಂದೇ ದಿನದಲ್ಲಿ ಹೊಳೆಯಿತು. ಹುಳುಗಳಿಗೆ ಏನೂ ಆಗಲಿಲ್ಲ. ಓಡುವ ಗಾಡಿಯಲ್ಲಿ ಅವುಗಳನ್ನು ಅಲ್ಲಾಡಿಸುವುದು ರಸ್ತೆಯ ಗುಂಡಿ, ಇಂಜಿನ್ನಲ್ಲ. ನಿಂತಾಗ ಗುರ್ ಅನ್ನುತ್ತೆ, ಓಡುವಾಗ ಜಗ್ಗಲ್ಲ ಎಂದು ಪಾಷಣ್ಣ ಮೊದಲೇ ಒಂದು ಸಲ ಹೇಳಿದ್ದರು.

ಕೆಲವು ದಿನ ಕಳೆದು ಶಿಡ್ಲಘಟ್ಟದ ರಸ್ತೆಯ ಬೇರೊಂದು ಗ್ಯಾರೇಜಿನ ಮುಂದೆ ವೆಂಕಟಲಕ್ಷ್ಮಮ್ಮನ ಟಿಲ್ಲರ್ ಬಿಚ್ಚಿಟ್ಟಿದ್ದನ್ನು ಕಂಡೆ. ಅದರ ಪಕ್ಕದಲ್ಲಿ ಅದೇ ಊರಿನ ಇನ್ನೆರಡು. ನೋಡದವಳ ಹಾಗೆ ಮುಂದೆ ಹೋದೆ.

ಮೂರು ವಾರದಲ್ಲಿ ಒಂದೆರಡು ಮಳೆ ಬಿದ್ದು ಸೆಖೆ ಇಳಿಯಿತು. ವೆಂಕಟಲಕ್ಷ್ಮಮ್ಮನ ಮನೆಯ ಹುಳು ಬಲಿತು ಹಣ್ಣಾಗಿ, ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಯ ಮೇಲೆ ಗೂಡು ಕಟ್ಟಿದವು. ಅಷ್ಟು ಗಟ್ಟಿ ಗೂಡನ್ನು ನಾನೂ ಅಪರೂಪಕ್ಕೆ ನೋಡಿದ್ದು. ಬೆಳೆ ಚೆನ್ನಾಗಿ ಬಂದರೆ ಹುಳು ಕೊಟ್ಟವರನ್ನು ಕರೆದು ತಾಂಬೂಲ ಕೊಡುವುದು ಆಕೆಯ ಮನೆಯ ಪದ್ಧತಿ. ಗೂಡು ಬಿಡಿಸುವ ದಿನ ಕರೆದರು. ಹೆಂಗಸರೆಲ್ಲ ಸುತ್ತ ಕೂತಿದ್ದರು. ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ರವಿಕೆ ಬಟ್ಟೆ. ಆಕೆ ಕುಂಕುಮ ಇಡಲು ಬೆರಳು ಚಾಚಿದರು.

"ಆ ರಬ್ಬರ್ ಆರಿಸಿದ್ದು ನಾನು" ಎಂದೆ. "ಪಾಷಣ್ಣ ಬೇಡ ಅಂದಿದ್ರು. ಹಠ ಮಾಡಿ ಹಾಕಿಸಿದ್ದು ನಾನೇ."

ಆಕೆಯ ಬೆರಳು ಅಲ್ಲೇ ನಿಂತಿತು. ಗೂಡು ಬಿಡಿಸುತ್ತಿದ್ದವರ ಕೈಗಳೂ ನಿಂತವು.

"ಹಂಗಾದ್ರೆ ಅವತ್ತು ಅಷ್ಟು ಜನದ ಮುಂದೆ ಆ ಮನುಷ್ಯನ್ನ ಬೈದಿದ್ದು" ಎಂದು ನಿಧಾನವಾಗಿ ಹೇಳಿ ನಿಲ್ಲಿಸಿದರು. ಕುಂಕುಮದ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ತಾಂಬೂಲದ ತಟ್ಟೆ ಎತ್ತಿಕೊಂಡು ಹೊರಗೆ ಬಂದು ನನ್ನ ಕಾರಿನಲ್ಲಿ ಕೂತರು. "ಚಿಂತಾಮಣಿಗೆ ನಡಿ" ಎಂದರು. ದಾರಿಯುದ್ದಕ್ಕೂ ನನ್ನ ಕಡೆ ತಿರುಗಲಿಲ್ಲ.

ಪಾಷಣ್ಣ ಯಾವುದೋ ಜೀಪಿನ ಕೆಳಗಿದ್ದರು. ಹೊರಗೆ ಬಂದು, ತಟ್ಟೆ ಹಿಡಿದು ನಿಂತ ಆಕೆಯನ್ನೂ ಹಿಂದೆ ನಿಂತ ನನ್ನನ್ನೂ ನೋಡಿ ವಿಷಯ ತಿಳಿದುಕೊಂಡರು.

"ಅವತ್ತೇ ಯಾಕ್ ಹೇಳ್ಲಿಲ್ಲಪ್ಪ ನೀನು?" ಎಂದರು ವೆಂಕಟಲಕ್ಷ್ಮಮ್ಮ.

ಪಾಷಣ್ಣ ಬಟ್ಟೆಚೂರಿನಲ್ಲಿ ಕೈ ಒರೆಸಿಕೊಂಡರು. "ಹೇಳಿದ್ರೆ ಇವರ ಹತ್ರ ಮತ್ತೆ ಹುಳ ತಗೋತಿದ್ರಾ ನೀವು?"

ಆಕೆ ಸುಳ್ಳು ಹೇಳುವವರಲ್ಲ. "ಇಲ್ಲ" ಎಂದರು.

"ನಂಗೆ ನೂರು ಊರಿನ ಗಾಡಿ ಬರ್ತವೆ ಅಮ್ಮ. ಇವರಿಗೆ ಇದ್ದಿದ್ದು ನಿಮ್ಮೂರು" ಎಂದು ಹೇಳಿ, ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ನನಗೆ ನಾಚಿಕೆಯಾಯಿತು. ಅಷ್ಟು ನಾಚಿಕೆ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಮುಂದಿನ ಬೆಳೆಗೆ ವೆಂಕಟಲಕ್ಷ್ಮಮ್ಮ ನನ್ನಿಂದ ಹುಳು ತೆಗೆದುಕೊಳ್ಳಲಿಲ್ಲ. ಹನ್ನೆರಡು ಮನೆಗಳಲ್ಲಿ ಒಂಬತ್ತು ಆಕೆಯ ಹಿಂದೆ ಹೋದವು. ಕೇಂದ್ರಕ್ಕೆ ಬೀಗ ಬೀಳಲಿಲ್ಲ, ಬಿಡಿ ಗಿರಾಕಿಗಳನ್ನು ಒಂದೊಂದೇ ಮನೆ ಹತ್ತಿಳಿದು ಕೂಡಿಸಿಕೊಂಡೆ. ಆ ಮಳೆಗಾಲ ಒಂದು ಬೆಳಗ್ಗೆ ಹುಳು ತುಂಬಿಕೊಂಡು ಚಿಂತಾಮಣಿಯ ಮೇಲೆ ಹಾದುಹೋಗುವಾಗ ಪಾಷಣ್ಣನ ಗ್ಯಾರೇಜಿನ ಮುಂದೆ ಮೂರು ಟಿಲ್ಲರ್ ಸಾಲಾಗಿ ನಿಂತಿದ್ದವು. ಮೂರೂ ಆಕೆಯ ಊರಿನವು.